ಸ್ತನ ತೆಗೆಸಿದ ಮ್ಯಾಲ ಮತ್ತ ಕಟ್ಟಿಸ್ಕೊಂಡೋರಿಗೆ ನಿಜವಾಗ್ಲೂ ಸಮಾಧಾನ ಆಗ್ತದಾ?

ಅಮ್ಮಗ 52 ವರ್ಷ, ಒಂದು ಕಡೆ ಪೂರ್ತಿ ತೆಗಿಬೇಕು ಅಂದಾರ, ಡಾಕ್ಟರು ರೀಕನ್‌ಸ್ಟ್ರಕ್ಷನ್, ಅಂದ್ರ ಮತ್ತ ಕಟ್ಟಿಸೋದು, ಬೇಕಾ ಅಂತ ಕೇಳ್ಯಾರ, ಮನ್ಯಾಗ ಎಲ್ಲಾರೂ ಈ ವಯಸ್ಸಿನಾಗ ಯಾಕ ಅದೆಲ್ಲ ಅಂತಾರ, ಮಾಡಿಸ್ಕೊಂಡೋರು ಯಾರರ ಇದ್ರ ಹೇಳ್ರಿ ಅಂತ ಬರ್ದೀರಿ. ನಾನು ಮಾಡಿಸ್ಕೊಂಡೀನಿ. ರಾಯಚೂರಿನಾಕಿ, ಪ್ರೈಮರಿ ಸ್ಕೂಲ್ ಟೀಚರ್, ಈಗ 47. ನಂಗ ಸಮಾಧಾನ ಅದ, ಆದ್ರ ಮೊದಲ್ನೇ ವರ್ಷ ಇರ್ಲಿಲ್ಲ, ಅದನ್ನೂ ಹೇಳ್ತೀನಿ.

ನಂದು ಬಲಗಡೆ ತೆಗೆದಾಗ ಕಟ್ಟಿಸೋ ಮಾತು ಯಾರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ, ಜೀವ ಉಳದ್ರ ಸಾಕು ಅನ್ನೋ ಹೊತ್ತು ಅದು. ಕೀಮೋ, ರೇಡಿಯೇಷನ್ ಎಲ್ಲಾ ಮುಗಿದ ಮ್ಯಾಲ ಎರಡು ವರ್ಷ ಬ್ರಾ ಒಳಗ ಇಡೋ ಸಿಲಿಕಾನ್ ಪ್ಯಾಡ್ ಹಾಕ್ಕೊಂಡೆ. ನಮ್ಮೂರಿನ ಮೇ ತಿಂಗಳ ಬಿಸಿಲು ನಿಮಗ ಗೊತ್ತೇ ಅದ, 42 ದಾಟ್ತದ, ಪ್ಯಾಡಿನ ಹಿಂದ ಬೆವರು ನಿಂತು ರೇಡಿಯೇಷನ್ ಬಿದ್ದ ಚರ್ಮ ಕೆಂಪಗಾಗಿ ಉರೀತಿತ್ತು. ಒಂದಿನ ಬೋರ್ಡ್ ಮ್ಯಾಲ ಹದಿನಾರರ ಮಗ್ಗಿ ಬರೀಲಿಕ್ಕೆ ಕೈ ಎತ್ತೀನಿ, ಪ್ಯಾಡ್ ಜಾರಿ ಕಂಕುಳ ಕಡೆ ಬಂತು. ಸೆರಗಿನ ಮ್ಯಾಲಿಂದ ಎಡಗೈಲೆ ಒತ್ತಿ ಹಿಡ್ಕೊಂಡು, ಹುಡುಗ್ರ ಕಡೆ ತಿರುಗದೇ ಮಗ್ಗಿ ಪೂರ್ತಿ ಬರದು ಮುಗಿಸ್ದೆ. ಅವತ್ತು ಸಂಜಿ ಮನ್ಯಾಗ ಹೇಳ್ದೆ, ಕಟ್ಟಿಸ್ಕೊಂತೀನಿ ಅಂತ. ನಮ್ಮತ್ತಿ, ಈಗ ಯಾರಿಗೆ ತೋರಿಸ್ಬೇಕಾಗ್ಯದ ಅಂದ್ರು. ಯಾರಿಗೂ ಅಲ್ಲ ಅತ್ತಿ, ನನ್ನ ಕೈ ನಂಗ ಬೇಕು ಅಂದೆ.

ಉದ್ಯಾನ್ ಎಕ್ಸ್‌ಪ್ರೆಸ್‌ನಾಗ ರಾತ್ರಿ ಹತ್ತಿ ಬೆಂಗಳೂರಿಗೆ ಹೋದ್ವಿ. ರೇಡಿಯೇಷನ್ ಆದ ಎದಿ ಒಳಗ ಇಂಪ್ಲಾಂಟ್, ಅಂದ್ರ ಸಿಲಿಕಾನ್ ಚೀಲ, ಇಟ್ರ ಅದರ ಸುತ್ತ ಪೊರಿ ಗಟ್ಟಿಯಾಗಿ ಬಿಗಿಯೋ ಸಾಧ್ಯತೆ ಜಾಸ್ತಿ, ಅದಕ್ಕ ಹೊಟ್ಟಿಯಿಂದ ತಗೋಳೋದು ಛಲೋ ಅಂದ್ರು ಸರ್ಜನ್. ಡೀಪ್ ಫ್ಲಾಪ್ ಅಂತಾರ, ಕೆಳಹೊಟ್ಟಿ ಚರ್ಮ, ಕೊಬ್ಬು, ಅದಕ್ಕ ರಕ್ತ ಕೊಡೋ ನಾಳ ಸಮೇತ ತೆಗೆದು, ಸ್ನಾಯು ಬಿಟ್ಟು, ಎದಿ ಹತ್ರದ ನಾಳಕ್ಕ ಮೈಕ್ರೋಸ್ಕೋಪ್ ಕೆಳಗ ಹೊಲೀತಾರ. ನಂಗ ಒಂಬತ್ತು ತಾಸು ಹಿಡೀತು. ಆ ರಾತ್ರಿ ತಾಸಿಗೊಮ್ಮೆ ನರ್ಸ್ ಬಂದು ಸಣ್ಣ ಪೆನ್ನಿನಂಥಾ ಡಾಪ್ಲರ್ ಹಚ್ಚಿ ಕೇಳೋರು, ಧುಸ್ ಧುಸ್ ಅಂತ ಸಪ್ಪಳ ಬಂದ್ರ ರಕ್ತ ಹರಿಯಾಕತ್ಯದ ಅಂತ ಅರ್ಥ. ನಾಳದಾಗ ರಕ್ತ ಹೆಪ್ಪುಗಟ್ಟಿದ್ರ ತಕ್ಷಣ ಮತ್ತ ಥಿಯೇಟರ್‌ಗೆ ಒಯ್ಬೇಕಾಗ್ತದ, ಅಪರೂಪಕ್ಕ ಇಟ್ಟಿದ್ದೇ ಉಳಿಯೋದಿಲ್ಲ. ಆ ಸಪ್ಪಳ ಕೇಳೋತನಕ ಉಸಿರು ಬಿಗಿಹಿಡ್ಕೊಂಡು ಮಲಗಿರ್ತಿದ್ದೆ.

ಇಷ್ಟು ನಂಗ ಮೊದಲೇ ಹೇಳಿದ್ರು. ಹೇಳದೇ ಇದ್ದದ್ದು ಮರಗಟ್ಟೋದು. ಹೊಸ ಎದಿಗೆ ಸ್ಪರ್ಶ ಇರಲ್ಲ ಅಥವಾ ಭಾಳ ಕಡಿಮಿ ಇರ್ತದ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಾಕು ತಿಂಗಳ ಮ್ಯಾಲ ಹೆಗಲು ನೋಯ್ತದ ಅಂತ ಬಿಸಿನೀರಿನ ಚೀಲ ಇಟ್ಕೊಂಡು ಮಲಗಿದ್ದೆ, ಅದು ಜಾರಿ ಎದಿ ಮ್ಯಾಲ ಬಂದು ಕುಂತದ, ನಂಗ ಎಚ್ಚರಾನೇ ಆಗಿಲ್ಲ, ಬೆಳಿಗ್ಗಿ ಜಳಕ ಮಾಡುವಾಗ ನೋಡಿದ್ರ ರೂಪಾಯಿ ಬಿಲ್ಲೆಯಷ್ಟು ಎರಡು ಗುಳ್ಳಿ. ಒಂಚೂರೂ ನೋವಿಲ್ಲ. ನೋವಿಲ್ಲ ಅಂತಾನೇ ಅವತ್ತು ಭಾಳ ಅಳು ಬಂತು, ಇದು ನಂದೇ ಹೌದಾ ಅನ್ನಿಸ್ತು. ಮೊದಲೇ ಒಂದು ಮಾತು ಹೇಳಿದ್ರ ಚೀಲನೂ ಇಡ್ತಿರ್ಲಿಲ್ಲ, ಅಳ್ತಾನೂ ಇರ್ಲಿಲ್ಲ.

ಆಮ್ಯಾಲ ಈ ಬಗ್ಗೆ ಓದಾಕ ಶುರು ಮಾಡಿದೆ. ಈ ಸಮಾಧಾನ ಅಳೆಯೋಕ ಬ್ರೆಸ್ಟ್-ಕ್ಯೂ ಅಂತ ಪ್ರಶ್ನಾವಳಿ ಅದ, 2009ರಾಗ ಬಂದದ್ದು, ಡಾಕ್ಟರ್ ಕಣ್ಣಿಗೆ ಹೆಂಗ ಕಾಣ್ತದ ಅಂತಲ್ಲ, ಆ ಹೆಣ್ಮಗಳಿಗೇ ಹೆಂಗ ಅನ್ನಿಸ್ತದ ಅಂತ ಕೇಳ್ತದ. ಬಟ್ಟಿ ಹಾಕ್ಕೊಂಡಾಗ, ಬಟ್ಟಿ ಇಲ್ಲದಾಗ, ನೋವು, ಮನಸ್ಸು, ಗಂಡ ಹೆಂಡ್ತಿ ಸಂಬಂಧ, ಎಲ್ಲಾ ಬ್ಯಾರೆ ಬ್ಯಾರೆ. ಅದರಾಗ ಆಪರೇಷನ್ ಮೊದಲು ನಿಮಗ ಮಾಹಿತಿ ಎಷ್ಟು ಸಿಕ್ತು ಅಂತಾನೂ ಒಂದು ಭಾಗ ಅದ, ಅದನ್ನ ಓದಿದಾಗ ನನ್ನ ಗುಳ್ಳಿನೇ ನೆನಪಾಯ್ತು. ಅಮೆರಿಕಾ ಕೆನಡಾದ 11 ಆಸ್ಪತ್ರಿ ಸೇರಿ ಮಾಡಿದ ದೊಡ್ಡ ಅಧ್ಯಯನ 2018ರಾಗ ಪ್ರಕಟ ಆಗ್ಯದ, ಎರಡು ವರ್ಷದ ಮ್ಯಾಲ ಕೇಳಿದ್ರ ಇಂಪ್ಲಾಂಟ್ ಇಟ್ಟೋರಿಗಿಂತ ತಮ್ಮ ಮೈಯಿಂದಾನೇ ತಗೊಂಡು ಕಟ್ಟಿಸ್ಕೊಂಡೋರಿಗೆ ಎದಿ ಬಗ್ಗೆ ಸಮಾಧಾನ ಜಾಸ್ತಿ. ಹಂಗಂತ ತೊಂದ್ರಿನೂ ಇವರಿಗೇ ಜಾಸ್ತಿ, ಆಪರೇಷನ್ ದೊಡ್ಡದು, ಹೊಟ್ಟಿ ಗಾಯ ಬ್ಯಾರೆ. ನನ್ನ ಹೊಲಿಗಿ ಸೊಂಟದ ಈ ತುದಿಯಿಂದ ಆ ತುದಿತನಕ ಅದ. ಇಂಪ್ಲಾಂಟ್‌ಗೆ ಆಪರೇಷನ್ ಸಣ್ಣದು, ಆದ್ರ ಅದು ಜೀವನಪೂರ್ತಿ ಬರೋ ವಸ್ತು ಅಲ್ಲ, ಮುಂದ ಬದಲಿಸೋದು ಬರಬಹುದು.

ಫಾಲೋಅಪ್‌ಗೆ ಕ್ಯೂನಾಗ ಕೂತಾಗ ಸಿಂಧನೂರು ಕಡೆ ಒಬ್ಬಾಕಿ ಪರಿಚಯ ಆದ್ಲು, ಭತ್ತ ನಾಟಿ ಮಾಡಾಕಿ, ಏನೂ ಕಟ್ಟಿಸ್ಕೊಂಡಿಲ್ಲ, ಪ್ಯಾಡೂ ಹಾಕೋದಿಲ್ಲ. ಗದ್ದ್ಯಾಗ ಬಗ್ಗಾಕ ಇದೇ ಹಗುರ ಅಕ್ಕ ಅಂದ್ಲು, ಮುಖದಾಗ ಎಷ್ಟು ಕಳಿ ಇತ್ತು ಅಂದ್ರ. ಆಕಿಗೂ ಸಮಾಧಾನ, ನಂಗೂ ಸಮಾಧಾನ, ಯಾಕಂದ್ರ ಇಬ್ರೂ ನಮಗ ಏನು ಬೇಕು ಅಂತ ನಾವೇ ಹೇಳಿದ್ವಿ.

ಅದಕ್ಕ ನಿಮ್ಮ ಅಮ್ಮನ್ನ ಒಬ್ಬಾಕಿನ್ನೇ ಕೂಡಿಸ್ಕೊಂಡು ಕೇಳ್ರಿ, ಅಪ್ಪ, ಚಿಕ್ಕಮ್ಮ ಯಾರೂ ಇಲ್ಲದಾಗ. ತೆಗೆಯೋಕ ಮೊದಲೇ ಒಂದ್ಸಲ ಪ್ಲಾಸ್ಟಿಕ್ ಸರ್ಜನ್ ಹತ್ರ ಕರ್ಕೊಂಡು ಹೋಗ್ರಿ, ರೇಡಿಯೇಷನ್ ಬೀಳ್ತದಾ ಅಂತ ಕೇಳ್ರಿ, ಭಾಳ ನಿರ್ಧಾರ ಅದರ ಮ್ಯಾಲೇ ನಿಲ್ತಾವ. ಈಗ ಮನಸ್ಸಿಲ್ಲ ಅಂದ್ರ ಒತ್ತಾಯ ಬ್ಯಾಡ, ನನ್ನಂಗ ಎರಡು ವರ್ಷ ಬಿಟ್ಟೂ ಮಾಡಿಸಬಹುದು. ಕಟ್ಟಿಸ್ಕೊಂಡ್ರ ಕ್ಯಾನ್ಸರ್ ವಾಪಸ್ ಬರ್ತದ ಅಂತ ಯಾರರ ಹೆದರಿಸಿದ್ರ ಕಿವಿಗೆ ಹಾಕ್ಕೋಬ್ಯಾಡ್ರಿ, ಹಂಗೇನಿಲ್ಲ. ಇನ್ನೊಂದು ಕಡೆಗೆ ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಮಾತ್ರ ತಪ್ಪಿಸಬ್ಯಾಡ್ರಿ.

ಹೊಟ್ಟಿಯಿಂದ ತಗೊಂಡ್ರ ವಾಪಸ್ ಬರೋ ಗಾಡಿಗೆ ಲೋವರ್ ಬರ್ತ್ ಹಾಕ್ಸಿ, ಒಂದು ಸಣ್ಣ ದಿಂಬು ಇಟ್ಕೋರಿ. ಕೆಮ್ಮು ಬಂದಾಗ ಹೊಟ್ಟಿಗೆ ಒತ್ತಿ ಹಿಡ್ಕೊಂಡ್ರ ಹೊಲಿಗಿ ಎಳೆಯೋದು ಕಡಿಮಿ ಆಗ್ತದ.