ಕ್ಯೂಬ್ ಒಡೆದ ಅಂಕಿಯಿಂದ ಶುರುಮಾಡಿ

ನಿಮ್ಮ ಪ್ರಶ್ನೆ ಓದಿದೆ. ಸಿವಿಲ್ ವಿಭಾಗಕ್ಕೆ ಹೊಸದಾಗಿ ಸೇರಿದ್ದೀರಿ, ವೃತ್ತಿನೀತಿಯ ಪಾಠ ನಿಮ್ಮ ಪಾಲಿಗೆ ಬಂದಿದೆ, ವಿದ್ಯಾರ್ಥಿಗಳು ಬಹುಆಯ್ಕೆ ಪ್ರಶ್ನೆಗಳಿಗೆ ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನವೇ ಮರೆಯುತ್ತಾರೆ, ಇದನ್ನು ನಿಜವಾಗಿ ಕಲಿಸುವುದು ಹೇಗೆ ಎಂದು ಕೇಳಿದ್ದೀರಿ. ಮೂರು ವರ್ಷ ಸೈಟಿನಲ್ಲಿದ್ದು, ಆಮೇಲೆ ಹದಿನೆಂಟು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ: ನೀತಿಯ ತರಗತಿಗಿಂತ ಮೊದಲು ಕಾಂಕ್ರೀಟ್ ಲ್ಯಾಬಿಗೆ ಹೋಗಿ.

ಅಲ್ಲಿ ಎಂ20 ಮಿಶ್ರಣದ, ಅಂದರೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಾಳಬೇಕಾದ ಕಾಂಕ್ರೀಟಿನ ಮೂರು ಕ್ಯೂಬ್‌ಗಳನ್ನು (ಪರೀಕ್ಷೆಗೆಂದು ಅಚ್ಚಿನಲ್ಲಿ ತುಂಬಿ ಮಾಡಿದ ಘನಾಕಾರದ ತುಂಡುಗಳನ್ನು) 28ನೆಯ ದಿನ ಯಂತ್ರದಲ್ಲಿ ಒಡೆಯುತ್ತಾರೆ. ಒಂದು 22ಕ್ಕೆ ಒಡೆಯಿತು, ಇನ್ನೊಂದು 21ಕ್ಕೆ, ಮೂರನೆಯದು 15ಕ್ಕೆ ಎಂದಿಟ್ಟುಕೊಳ್ಳಿ. ಯಾವ ಕ್ಯೂಬೂ ಸರಾಸರಿಯಿಂದ ಶೇಕಡಾ 15ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು ಎನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಸಂಹಿತೆ ಐಎಸ್ 456. ಇಲ್ಲಿ ಸರಾಸರಿ 19.3, ಆದ್ದರಿಂದ 15 ಆ ಮಿತಿಯ ಹೊರಗೆ. ಈ ಪರೀಕ್ಷೆಯೇ ಲೆಕ್ಕಕ್ಕಿಲ್ಲ. ಆದರೆ ರೆಕಾರ್ಡ್ ಪುಸ್ತಕದಲ್ಲಿ ಏನು ಬರುತ್ತದೆ? 22, 21, 20. ನಾವು ಅದರ ಕೆಳಗೆ ಸಹಿ ಹಾಕಿ ಹತ್ತಕ್ಕೆ ಒಂಬತ್ತು ಕೊಡುತ್ತೇವೆ. ಸುಳ್ಳು ಅಂಕಿ ಬರೆಯುವುದನ್ನು ನಮ್ಮ ಮಕ್ಕಳು ಯಾವುದೋ ಭ್ರಷ್ಟ ಗುತ್ತಿಗೆದಾರನಿಂದ ಕಲಿಯುವುದಿಲ್ಲ, ನಮ್ಮ ಲ್ಯಾಬಿನಲ್ಲಿ, ನಮ್ಮ ಕಣ್ಣೆದುರೇ ಕಲಿಯುತ್ತಾರೆ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ, ಏಕೆಂದರೆ ಎಷ್ಟೋ ವರ್ಷ ನಾನೂ ಹಾಗೆಯೇ ಸಹಿ ಹಾಕಿದ್ದೇನೆ.

ಕೊನೆಗೆ ಅಂಕ ಕೊಡುವ ಕ್ರಮವನ್ನೇ ಬದಲಿಸಿದೆ. ಬಂದ ಫಲಿತಾಂಶಕ್ಕೆ ಅಂಕವಿಲ್ಲ. ಹೀಗೇಕೆ ಬಂತು ಎಂಬ ವಿವರಣೆಗೆ ಅಂಕ. ಅಂಕಿ ತಪ್ಪಾದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆದು ಸಹಿ ಮಾಡಬೇಕು, ಅಳಿಸುವಂತಿಲ್ಲ. ಮೊದಲ ತಿಂಗಳು ಗೊಣಗಾಟವಿತ್ತು. ಆಮೇಲೆ ಹುಡುಗರು ಒಡೆದ ಚೂರುಗಳನ್ನು ಹೆಕ್ಕಿ ನೋಡತೊಡಗಿದರು. ಅಚ್ಚಿಗೆ ತುಂಬುವಾಗ ಸರಿಯಾಗಿ ಕುಟ್ಟಿಲ್ಲ, ಒಳಗೆ ಗೂಡುಗಳಿವೆ ಎಂದು ಒಬ್ಬಳು ಬರೆದಳು. ಕರಣೆಯಿಂದ ಸವರಿದ ಒರಟು ಮುಖವನ್ನೇ ಯಂತ್ರದ ತಟ್ಟೆಗೆ ಕೊಟ್ಟಿದ್ದೆವು ಎಂದು ಇನ್ನೊಬ್ಬ ಒಪ್ಪಿಕೊಂಡ. ಹಾಗೆ ಒಪ್ಪಿಕೊಂಡಿದ್ದಕ್ಕೆ ಅಂಕ ಸಿಕ್ಕಿತು ಎಂಬುದು ತರಗತಿಗೆಲ್ಲ ತಿಳಿಯಿತು.

ಇಷ್ಟಾದ ಮೇಲೆ ದೊಡ್ಡ ಪ್ರಕರಣಗಳಿಗೆ ಹೋಗಬಹುದು. ನಾನು ತಪ್ಪದೆ ಮಾಡುವುದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನದು. 1981ರ ಜುಲೈ 17ರ ಸಂಜೆ ಅಲ್ಲಿನ ತೂಗು ನಡೆದಾರಿಗಳು ಕುಸಿದು 114 ಜನ ಸತ್ತರು. ಮೂಲ ನಕ್ಷೆಯಲ್ಲಿ ಮೇಲಿನ ಮತ್ತು ಕೆಳಗಿನ ನಡೆದಾರಿ ಎರಡನ್ನೂ ಚಾವಣಿಯಿಂದ ಇಳಿಬಿಟ್ಟ ಒಂದೇ ಉದ್ದನೆಯ ಸರಳುಗಳು ಹೊರಬೇಕಿತ್ತು. ತಯಾರಿಕೆಗೆ ಸುಲಭವಾಗಲೆಂದು ಪ್ರತಿ ಸರಳನ್ನೂ ಎರಡು ತುಂಡು ಮಾಡಿದರು. ಕೆಳಗಿನ ನಡೆದಾರಿ ಮೇಲಿನದರ ತೊಲೆಗೆ ಜೋತುಬಿತ್ತು. ತರಗತಿಯಲ್ಲಿ ಹಗ್ಗ ತಂದು ತೋರಿಸಿ. ಇಬ್ಬರು ಒಂದೇ ಹಗ್ಗ ಹಿಡಿದು ನೇತಾಡಿದರೆ ಅವರವರ ಕೈಗೆ ಅವರವರ ಭಾರ. ಕೆಳಗಿನವನು ಮೇಲಿನವನ ಕಾಲು ಹಿಡಿದರೆ ಮೇಲಿನವನ ಕೈಗೆ ಇಬ್ಬರ ಭಾರ. ಮೇಲಿನ ತೊಲೆಯ ಅಡಿಯ ನಟ್ಟಿಗೆ ಬಿದ್ದದ್ದು ಆ ಇಮ್ಮಡಿ ಭಾರ. ಎರಡನೆಯ ವರ್ಷದ ವಿದ್ಯಾರ್ಥಿಯೂ ಐದು ನಿಮಿಷದಲ್ಲಿ ಮಾಡಬಹುದಾದ ಲೆಕ್ಕವನ್ನು ಮಾಡದೆಯೇ ನಕ್ಷೆಗೆ ಒಪ್ಪಿಗೆಯ ಮೊಹರು ಬಿತ್ತು. ಲೆಕ್ಕವನ್ನು ನೀವು ಹೇಳಬೇಡಿ, ಮಕ್ಕಳ ಕೈಯಲ್ಲೇ ಮಾಡಿಸಿ. ಉತ್ತರ ಬಂದಾಗ ತರಗತಿ ತಾನಾಗಿ ಮೌನವಾಗುತ್ತದೆ.

ಸೈಟಿನಲ್ಲಿದ್ದಾಗ, ನಾನು ನೋಡಿರದ ಕ್ಯೂಬ್ ಪರೀಕ್ಷೆಯ ವರದಿಗೆ ಹಿರಿಯರು ಹೇಳಿದರೆಂದು ಸಹಿ ಮಾಡಿದ್ದೆ. ಆ ಕಟ್ಟಡ ಇಂದಿಗೂ ನಿಂತಿದೆ. ಆದರೂ ಆ ರಸ್ತೆಯಲ್ಲಿ ಹೋಗುವಾಗ ತಲೆಯೆತ್ತಿ ನೋಡುತ್ತೇನೆ. ಇದನ್ನೂ ಮಕ್ಕಳಿಗೆ ಹೇಳುತ್ತೇನೆ.

ಮಂಜುನಾಥ್ ಷಣ್ಮುಗಂ ಅವರ ಕಥೆಯನ್ನು ಮೊದಲ ದಿನವೇ ಹೇಳಬೇಕೇ ಎಂದೂ ಕೇಳಿದ್ದೀರಿ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲ್‌ನಲ್ಲಿದ್ದ ಅವರನ್ನು 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದಲ್ಲಿ ಕೊಂದರು. ಕಲಬೆರಕೆಯ ಇಂಧನ ಮಾರುವ ಬಂಕುಗಳ ವಿರುದ್ಧ ಅವರು ನಿಂತಿದ್ದರು. ಖಂಡಿತ ಹೇಳಿ, ಗೌರವದಿಂದ ಹೇಳಿ, ಆದರೆ ಮೊದಲ ದಿನ ಬೇಡ. ಅದನ್ನೇ ಮೊದಲು ಕೇಳಿದ ಹತ್ತೊಂಬತ್ತರ ಹುಡುಗ, ಪ್ರಾಮಾಣಿಕತೆ ಎಂದರೆ ಪ್ರಾಣ ಕೊಡುವುದು, ಅದು ನನ್ನಂಥವನಿಗಲ್ಲ ಎಂದುಕೊಂಡು ಪುಸ್ತಕ ಮುಚ್ಚುತ್ತಾನೆ. ಅವನಿಗೆ ಮೊದಲು ಬೇಕಾದದ್ದು ಸಣ್ಣ ನಿರಾಕರಣೆಯ ಅಭ್ಯಾಸ.

ಅದಕ್ಕೆ ಪತ್ರ ಬರೆಸಿ. "ಕಂಬದ ಕ್ಯೂಬ್ ಫಲಿತಾಂಶ ಕಡಿಮೆ ಬಂದಿದೆ, ನಾಳೆ ಮೇಲಿನ ಸ್ಲ್ಯಾಬ್ ಹಾಕಬೇಕೆಂದು ಮೇಲಧಿಕಾರಿ ಹೇಳುತ್ತಿದ್ದಾರೆ. ಒಂದು ಪುಟದಲ್ಲಿ ಅವರಿಗೆ ಬರೆಯಿರಿ." ಮೊದಲ ಸಲ ಅರ್ಧ ತರಗತಿ ಕ್ಷಮೆ ಕೇಳುತ್ತದೆ, ಉಳಿದರ್ಧ ಆರೋಪ ಹೊರಿಸುತ್ತದೆ. ಅಂಕಿ ಏನು, ಯಾವ ದಿನ, ಯಾವ ಕಂಬ, ಮುಂದೇನು ಮಾಡಬಹುದು ಎಂದಷ್ಟೇ ಬರೆಯಲು ನಾಲ್ಕೈದು ಸಲ ತಿದ್ದಿಸಬೇಕು. ಕನ್ನಡದಲ್ಲಿ ಬರೆದರೂ ಸರಿ. ಮೊದಲ ಕರಡನ್ನು ಕನ್ನಡದಲ್ಲಿ ಬರೆದವರ ಇಂಗ್ಲಿಷ್ ಪತ್ರ ಹೆಚ್ಚು ಸ್ಪಷ್ಟವಾಗಿರುವುದನ್ನು ಕಂಡಿದ್ದೇನೆ. ಆಮೇಲೆ ಒಬ್ಬರನ್ನು ಮೇಲಧಿಕಾರಿಯ ಕುರ್ಚಿಯಲ್ಲಿ ಕೂರಿಸಿ, ಪತ್ರವನ್ನು ಬಾಯಲ್ಲಿ ಹೇಳಿಸಿ. ಧ್ವನಿ ನಡುಗುತ್ತದೆ. ಆ ನಡುಕ ತರಗತಿಯಲ್ಲೇ ಕಳೆಯಲಿ.

ಬಹುಆಯ್ಕೆ ಪ್ರಶ್ನೆಗಳಿಗೆ ಸೆಮಿಸ್ಟರಿನ ಕೊನೆಯ ಎರಡು ವಾರ ಸಾಕು.