ಓದುಗರ ಪ್ರಶ್ನೆ, ತಜ್ಞರ ಉತ್ತರ: ಆಂಬುಲೆನ್ಸ್ ಪಾಳಿ ಮುಗಿಸಿ ಬೆಟ್ಟಕ್ಕೆ

ಆಂಬುಲೆನ್ಸ್‌ಗಳಲ್ಲಿ ದುಡಿಯುವವರು ಒಂಟಿ ಚಾರಣ, ಟೆಂಟ್ ವಾಸ ಮತ್ತು ನಿಸರ್ಗ ಛಾಯಾಗ್ರಹಣದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಕೋರಿಕೆಯಂತೆ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಾನು 108 ಆಂಬುಲೆನ್ಸ್‌ನಲ್ಲಿ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ). ದಿನವಿಡೀ ಜನ, ಸೈರನ್, ಫೋನು. ಹೊಸ ಟೆಂಟ್ ಕೊಂಡಿದ್ದೇನೆ. ಕುಮಾರಪರ್ವತದ ತುದಿಯಲ್ಲಿ ಒಬ್ಬನೇ ಒಂದು ರಾತ್ರಿ ಇರಬೇಕೆಂಬ ಆಸೆ. ಆಗುತ್ತದೆಯೇ? (ಹಾಸನ)

ಆಸೆ ಒಳ್ಳೆಯದೇ, ಜಾಗ ಮಾತ್ರ ಬದಲಿಸಬೇಕು. ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದೊಳಗಿದೆ. ತುದಿಯಲ್ಲಿ ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲೂ ಇದೇ ನಿಯಮ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ಚಾರಣದ ನಿಯಮಗಳು ಬಿಗಿಯಾಗಿವೆ. ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚಿತವಾಗಿ ಕಾಯ್ದಿರಿಸಿ ಹೋಗಬೇಕು. ಬೇಸಿಗೆಯ ಕಾಡ್ಗಿಚ್ಚಿನ ಕಾಲದಲ್ಲೂ ಜೋರು ಮಳೆಯಲ್ಲೂ ಹಾದಿಗಳನ್ನು ಮುಚ್ಚುತ್ತಾರೆ. ಹಾಗಾಗಿ ರಜೆ ಬರೆದುಕೊಡುವ ಮೊದಲು ಹಾದಿ ತೆರೆದಿದೆಯೇ ಎಂದು ನೋಡಿಕೊಳ್ಳಿ. ಅನೇಕ ಕಡೆ ಮಾರ್ಗದರ್ಶಿ ಜೊತೆಗಿರಲೇಬೇಕು. ಗುಂಪಿನ ಗದ್ದಲದಿಂದ ತಪ್ಪಿಸಿಕೊಳ್ಳುವುದು ನಿಮ್ಮ ಉದ್ದೇಶವಾದರೆ, ಕಾಡು ಬಲ್ಲ ಒಬ್ಬ ಸ್ಥಳೀಯ ಜೊತೆಗಿದ್ದರೆ ಅದಕ್ಕೆ ಧಕ್ಕೆಯಿಲ್ಲ. ಬಹುಪಾಲು ಮಾರ್ಗದರ್ಶಿಗಳು ಮಿತಭಾಷಿಗಳು.

ಹಗಲು ಕಾಡಿನ ಹಾದಿ, ರಾತ್ರಿ ಖಾಸಗಿ ಜಮೀನಿನಲ್ಲಿ ಟೆಂಟ್: ಈಗಿರುವ ಕಾನೂನುಬದ್ಧ ದಾರಿ ಇದು. ಮಲೆನಾಡು, ಕೊಡಗಿನ ಹಲವು ಹೋಂಸ್ಟೇಗಳು ತೋಟದ ಅಂಚಿನಲ್ಲಿ ಟೆಂಟ್ ಹಾಕಲು ಜಾಗ ಕೊಡುತ್ತವೆ. ಆದರೆ ನಿಮ್ಮ ಜಿಲ್ಲೆಯ ಸಕಲೇಶಪುರ, ಆಲೂರು ಭಾಗದಲ್ಲಿ ಮತ್ತು ಕೊಡಗಿನಲ್ಲಿ ಕಾಫಿ ತೋಟವೆಂದರೆ ಆನೆ ಓಡಾಡುವ ಜಾಗವೂ ಹೌದು. “ಈ ವಾರ ಆನೆ ಎಲ್ಲಿತ್ತು?” ಎಂದು ತೋಟದವರನ್ನು ಮೊದಲೇ ಕೇಳಿ. ಹಲಸು ಹಣ್ಣಾಗುವ ತಿಂಗಳುಗಳಲ್ಲಿ ಹಲಸಿನ ಮರದ ಹತ್ತಿರವಾಗಲಿ, ಬಾಳೆಯ ಪಕ್ಕದಲ್ಲಾಗಲಿ ಟೆಂಟ್ ಬೇಡವೇ ಬೇಡ. ಬೇಲಿ ಮುರಿದ ಜಾಗ, ಲದ್ದಿ ಬಿದ್ದ ದಾರಿ ಕಂಡರೆ ಅಂದು ಮನೆಯ ಜಗಲಿಯಲ್ಲೇ ಮಲಗಿ. ಒಣಗಿದ ಸಿಲ್ವರ್ ಓಕ್ ಕೊಂಬೆಯ ಕೆಳಗೂ ಬೇಡ. ಗಾಳಿಗೆ ಅದು ಮುರಿಯುವಾಗ ಎಚ್ಚರಿಕೆ ಕೊಡುವುದಿಲ್ಲ. ಊಟ, ಬೆಲ್ಲ, ಹಣ್ಣು ಟೆಂಟ್ ಒಳಗಿಡಬೇಡಿ. ಟೆಂಟ್ ಒಳಗೆ ಗ್ಯಾಸ್ ಒಲೆ ಹಚ್ಚಬೇಡಿ. ಅದರಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಏನು ಮಾಡುತ್ತದೆಂದು ಇಎಂಟಿಗೆ ಹೇಳಬೇಕಿಲ್ಲ.

ಪ್ರಶ್ನೆ: ರಾತ್ರಿ ಪಾಳಿ ಬೆಳಿಗ್ಗೆ 8ಕ್ಕೆ ಮುಗಿಯುತ್ತದೆ. ಅಲ್ಲಿಂದಲೇ ಬೈಕ್ ಹತ್ತಿದರೆ ಮಧ್ಯಾಹ್ನದೊಳಗೆ ಬೆಟ್ಟದ ಬುಡ ಸೇರಬಹುದು. ಒಂದು ದಿನ ಉಳಿಯುತ್ತದಲ್ಲ? (ದಾವಣಗೆರೆ)

ಬೇಡ. ಸತತ 17 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ ರಕ್ತದಲ್ಲಿ ಶೇ 0.05 ಮದ್ಯ ಇದ್ದವರಷ್ಟು ಕುಂದುತ್ತದೆ. ನಮ್ಮ ಕಾನೂನು ಚಾಲಕರಿಗೆ ಇಟ್ಟಿರುವ ಮಿತಿ ಶೇ 0.03. ಹಿಂದಿನ ಮಧ್ಯಾಹ್ನ ಎದ್ದು ರಾತ್ರಿ ದುಡಿದವರು ಬೆಳಿಗ್ಗೆ 8ಕ್ಕೆ ಆ 17 ಗಂಟೆ ದಾಟಿರುತ್ತಾರೆ. ಕಾಫಿ ಕುಡಿದರೆ ಎಚ್ಚರವಾದಂತೆ ಅನ್ನಿಸುತ್ತದೆ, ತಿರುವಿನಲ್ಲಿ ಬೇಕಾಗುವ ತೀರ್ಮಾನಶಕ್ತಿ ಮರಳುವುದಿಲ್ಲ.

ಪಾಳಿ ಮುಗಿದ ಬೆಳಿಗ್ಗೆ ಮೂರ್ನಾಲ್ಕು ಗಂಟೆಯಷ್ಟೇ ಮಲಗಿ, ಅಲಾರಾಂ ಇಟ್ಟು ಎದ್ದು ಬಿಸಿಲಿಗೆ ಬನ್ನಿ. ಸಂಜೆ ಚೀಲ ಕಟ್ಟಿಡಿ, ರಾತ್ರಿ 9ಕ್ಕೆ ಮಲಗಿ, ಮರುದಿನ ನಸುಕಿನಲ್ಲಿ ಹೊರಡಿ. ಇಡೀ ಹಗಲು ಮಲಗಿದರೆ ರಾತ್ರಿ ನಿದ್ದೆ ಬಾರದೆ ಎರಡನೆಯ ದಿನವೂ ಕೆಡುತ್ತದೆ. ಬಸ್ಸು ಇರುವ ಊರಾದರೆ ಬಸ್ಸಿನಲ್ಲೇ ಹೋಗಿ.

ನಡಿಗೆಯ ವೇಳೆ ಲೆಕ್ಕ ಹಾಕಲು ಹಳೆಯ ಸೂತ್ರವೊಂದಿದೆ: 5 ಕಿ.ಮೀ.ಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಕುಕ್ಕೆ ಕಡೆಯಿಂದ ಹೋದರೆ ಏರಿಕೆಯೇ ಸುಮಾರು 1,600 ಮೀಟರ್. ಅದಕ್ಕೇ ಎರಡೂಮುಕ್ಕಾಲು ಗಂಟೆ ಸೇರಿಸಬೇಕು. ರಾತ್ರಿ ಪಾಳಿಗಳ ವಾರದ ನಂತರವಾದರೆ ಒಟ್ಟು ಲೆಕ್ಕಕ್ಕೆ ಕಾಲುಭಾಗ ಕೂಡಿಸಿ. ಹಿಂತಿರುಗುವ ವೇಳೆಯನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಳ್ಳಿ. ತುದಿ ಕಣ್ಣೆದುರು ಇದ್ದರೂ ಆ ಹೊತ್ತಿಗೆ ತಿರುಗಲೇಬೇಕು.

ಪ್ರಶ್ನೆ: ನಾನು ಪ್ಯಾರಾಮೆಡಿಕ್. ಟ್ರಾಮಾ ಕಿಟ್ (ಗಾಯಗಳ ತುರ್ತು ಚಿಕಿತ್ಸೆಯ ಚೀಲ) ಬಳಸುವುದು ಗೊತ್ತು. ಒಬ್ಬಳೇ ಹೋಗುವಾಗ ಚೀಲದಲ್ಲಿ ಏನೇನು ಇರಬೇಕು? (ಶಿರಸಿ)

ನಿಮ್ಮ ತರಬೇತಿಯೆಲ್ಲ ಇನ್ನೊಬ್ಬರ ಮೈಮೇಲೆ ಎರಡು ಕೈ ಬಳಸಿ ಕೆಲಸ ಮಾಡುವುದಕ್ಕೆ. ಒಂಟಿ ಹಾದಿಯಲ್ಲಿ ಗಾಯಾಳುವೂ ನೀವೇ. ಒಂದು ಕೈ ಕೆಲಸ ಮಾಡದು, ತಲೆ ಸುತ್ತುತ್ತಿರುತ್ತದೆ, ನೋವು ಯೋಚನೆಯನ್ನೇ ಕೆಡಿಸಿರುತ್ತದೆ. ಹಾಗಾಗಿ ಪ್ರತಿ ವಸ್ತುವಿಗೂ ಒಂದೇ ಪರೀಕ್ಷೆ: ಇದನ್ನು ಎಡಗೈ ಒಂದರಿಂದಲೇ, ಕತ್ತಲಲ್ಲಿ ತೆರೆದು ಕಟ್ಟಿಕೊಳ್ಳಲು ಆಗುತ್ತದೆಯೇ? ಆಗದ್ದನ್ನು ಮನೆಯಲ್ಲಿ ಬಿಡಿ.

10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್ 2, ತ್ರಿಕೋನ ಬಟ್ಟೆ 2, ಸುರುಳಿ ಸುತ್ತಬಹುದಾದ ಅಲ್ಯೂಮಿನಿಯಂ ಸ್ಪ್ಲಿಂಟ್ (ಮುರಿದ ಮೂಳೆಗೆ ಆಧಾರ ಪಟ್ಟಿ) 1, ಗಾಜ್ ಪ್ಯಾಡ್ 10, ಮೆಡಿಕಲ್ ಟೇಪ್, ಓಆರ್‌ಎಸ್ 4 ಪೊಟ್ಟಣ, ಪ್ಯಾರಸಿಟಮಾಲ್, ಅಲರ್ಜಿಗೆ ಸೆಟಿರಿಜಿನ್, ಚೂಪು ತುದಿಯ ಚಿಮಟ, ಸೀಟಿ, ಫಾಯಿಲ್ ಹೊದಿಕೆ, ಹೆಡ್‌ಲ್ಯಾಂಪ್. ಎಲ್ಲ ಸೇರಿ ಅರ್ಧ ಕೆ.ಜಿ. ಆಸುಪಾಸು. ಟೇಪನ್ನು ಮೊದಲೇ ಕತ್ತರಿಸಿ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿಡಿ. ಪ್ರತಿ ತುಂಡಿನ ತುದಿಯನ್ನು ಒಂದು ಸೆಂ.ಮೀ. ಮಡಿಸಿದರೆ ಉಗುರಿಗೆ ಸಿಗುತ್ತದೆ. ಕ್ರೇಪ್ ಸುತ್ತುವಾಗ ಮೊದಲ ತುದಿಯನ್ನು ತೊಡೆಯ ಕೆಳಗೆ ಒತ್ತಿ ಹಿಡಿಯುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿ. ಕಿಟ್ ಸೊಂಟದ ಪಟ್ಟಿಯಲ್ಲಿರಲಿ. ಸೀಟಿ, ಫೋನು ಮೈಮೇಲೆ ಇರಲಿ. ಬಿದ್ದಾಗ ಚೀಲ ಬೇರೆ ಕಡೆ, ನೀವು ಬೇರೆ ಕಡೆ ಉರುಳುವುದೇ ಹೆಚ್ಚು. ಆಂಬುಲೆನ್ಸ್ ದಾಸ್ತಾನಿನಿಂದ ಒಂದು ಗಾಜ್ ಕೂಡ ತರಬೇಡಿ. ಅದು ಇನ್ನೊಬ್ಬ ರೋಗಿಯದ್ದು.

ಓಆರ್‌ಎಸ್ ಬಗ್ಗೆ ಒಂದು ಮಾತು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಇಮ್ಮಡಿಯಾಗಿ ಬಾಯಾರಿಕೆ, ವಾಕರಿಕೆ ಹೆಚ್ಚುತ್ತದೆ.

ಪಾದ ಉಳುಕಿದರೆ ಒಂಟಿಯಾಗಿರುವಾಗ ಶೂ ಬಿಚ್ಚಬೇಡಿ. ಊದಿದ ಮೇಲೆ ಅದು ಮತ್ತೆ ಕಾಲಿಗೆ ಹೋಗುವುದಿಲ್ಲ. ದಾರ ಸಡಿಲಿಸಿ, ಶೂ ಮೇಲೆಯೇ ಕ್ರೇಪನ್ನು ಎಂಟರ ಆಕಾರದಲ್ಲಿ ಸುತ್ತಿ. ನಾಲ್ಕು ಹೆಜ್ಜೆ ಭಾರ ಹಾಕಲಾಗದಿದ್ದರೆ ಮೂಳೆ ಮುರಿದಿದೆ ಎಂದೇ ಭಾವಿಸಿ ನೆರವು ಕರೆಯಿರಿ. ಬೆರಳು ಜೋಮು ಹಿಡಿದರೆ ಅಥವಾ ತಣ್ಣಗಾದರೆ ಮಾತ್ರ ಕಟ್ಟು ಬಿಚ್ಚಿ ನೋಡಿ.

ಹಾವಿನ ವಿಷಯ ನಿಮ್ಮ ಕೆಲಸಕ್ಕೂ ಸಂಬಂಧಿಸಿದ್ದು. ನಮ್ಮಲ್ಲಿ ಸಿಗುವ ಪಾಲಿವೇಲೆಂಟ್ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಪಶ್ಚಿಮಘಟ್ಟದ ಹಾದಿಯಲ್ಲಿ ಸಿಗುವ ಮಲಬಾರ್ ಗುಳಿಮಂಡಲ, ಹಂಪ್‌ನೋಸ್ಡ್ ಗುಳಿಮಂಡಲಗಳಿಗೂ ಕಾಳಿಂಗಕ್ಕೂ ಅದನ್ನು ತಯಾರಿಸಿಲ್ಲ. ಹಂಪ್‌ನೋಸ್ಡ್ ಕಡಿತದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಕೆಡಬಹುದು, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಡಯಾಲಿಸಿಸ್ ಇರುವ ಆಸ್ಪತ್ರೆ ಯಾವ ಊರಿನಲ್ಲಿದೆ ಎಂಬುದನ್ನು ಹೊರಡುವ ಮುನ್ನವೇ ತಿಳಿದಿರಿ. ಕಚ್ಚಿದರೆ ಉಂಗುರ, ಗಡಿಯಾರ ತೆಗೆದು, ಆ ಅಂಗವನ್ನು ಮುರಿದ ಮೂಳೆಯಂತೆ ಅಲುಗದ ಹಾಗೆ ಕಟ್ಟಿ, ಕುಳಿತು ಕರೆ ಮಾಡಿ. ಬಿಗಿಕಟ್ಟು, ಕೊಯ್ಯುವುದು, ಹೀರುವುದು ಬೇಡ. ಸಿಗ್ನಲ್ ಇಲ್ಲ, ಯಾರೂ ಬರುವ ಹಾದಿಯಲ್ಲ ಎಂದಾದರೆ ಅಲ್ಲೇ ಕಾಯುವುದಕ್ಕಿಂತ ನಿಧಾನವಾಗಿ ನಡೆದು ಜನವಿರುವಲ್ಲಿಗೆ ಬರುವುದೇ ಸರಿ. ಮಾರ್ಗದರ್ಶಿ ಇರಲಿ ಎನ್ನುವುದು ಇದಕ್ಕೂ ಸೇರಿಯೇ.

ಪ್ರಶ್ನೆ: ವಿದೇಶದಲ್ಲಿರುವ ಅಣ್ಣ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಕೊಡಿಸುತ್ತೇನೆ ಎನ್ನುತ್ತಾನೆ. ತರಿಸಿಕೊಳ್ಳಲೇ? (ಮಂಗಳೂರು)

ತರಿಸಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನು ಅಥವಾ ಸಂದೇಶ ಸಾಧನ ಇಟ್ಟುಕೊಳ್ಳುವುದು ಇಲ್ಲಿ ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗರು ಇದೇ ಕಾರಣಕ್ಕೆ ಬಂಧನಕ್ಕೊಳಗಾಗಿದ್ದಾರೆ.

ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಗೋಪುರ ಸಿಕ್ಕರೆ 112 ಕರೆ ಹೋಗುತ್ತದೆ. ದುರ್ಬಲ ಸಿಗ್ನಲ್‌ನಲ್ಲಿ ಕರೆಗಿಂತ ಎಸ್‌ಎಂಎಸ್ ದಾಟುವ ಸಾಧ್ಯತೆ ಹೆಚ್ಚು. ಯಾವ ಹಾದಿ, ಮಾರ್ಗದರ್ಶಿಯ ಸಂಖ್ಯೆ, ಎಷ್ಟು ಹೊತ್ತಿಗೆ ಇಳಿಯುತ್ತೀರಿ, ಎಷ್ಟು ಹೊತ್ತಿನವರೆಗೆ ಸುದ್ದಿ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬ ನಾಲ್ಕು ಸಾಲನ್ನು ಮನೆಯವರಿಗೆ ಬರೆದುಕೊಡಿ. ಕೊನೆಯ ಸಾಲಿಲ್ಲದ ಚೀಟಿಯಿಂದ ಪ್ರಯೋಜನ ಕಡಿಮೆ.

ಪ್ರಶ್ನೆ: ಮಳೆಗಾಲದ ಕಾಡಿನ ಫೋಟೊ ತೆಗೆದರೆ ಎಲ್ಲ ಎಲೆಗಳೂ ಬಿಳಿಬಿಳಿ. ಮನೆಗೆ ಬಂದ ಮೇಲೆ ಲೆನ್ಸಿನೊಳಗೆ ಮಂಜು. ಏನು ಮಾಡಲಿ? (ತೀರ್ಥಹಳ್ಳಿ)

ಎಲೆಯ ಬಿಳುಪು ಆಕಾಶದ ಪ್ರತಿಫಲನ. ಇದಕ್ಕೆ ಮದ್ದು ಪ್ರತಿಫಲನ ತಗ್ಗಿಸುವ ಸರ್ಕ್ಯುಲರ್ ಪೋಲರೈಸರ್ ಫಿಲ್ಟರ್. ಲೆನ್ಸಿಗೆ ಹಾಕಿ, ಕಣ್ಣು ಪರದೆಯ ಮೇಲಿಟ್ಟು ಉಂಗುರವನ್ನು ಮೆಲ್ಲಗೆ ತಿರುಗಿಸಿ. ಒಂದು ಹಂತದಲ್ಲಿ ಬಿಳುಪು ಇಳಿದು ಹಸಿರು ಮೇಲೆದ್ದು ಬರುತ್ತದೆ. ಅಲ್ಲಿ ನಿಲ್ಲಿಸಿ. ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಬೆಳಕು ಕಡಿಮೆಯಾಗುವುದರಿಂದ ಟ್ರೈಪಾಡ್ ಬೇಕೇಬೇಕು. ಅಣಬೆ, ಪಾಚಿಗೆ ಲೆನ್ಸಿನ ಕಿಂಡಿ (ಅಪರ್ಚರ್) ಎಫ್/8, ಬೆಳಕಿನ ಸಂವೇದನೆ ಐಎಸ್‌ಒ 100, 2 ಸೆಕೆಂಡ್ ಟೈಮರ್. ಶಟರ್ ಅರ್ಧ ಸೆಕೆಂಡಿಗೆ ಇಳಿದರೂ ಚಿಂತೆಯಿಲ್ಲ, ಗಾಳಿ ನಿಂತಾಗ ಒತ್ತಿ. ಹಳ್ಳದ ನೀರು ನಯವಾಗಿ ಕಾಣಲು ಅರ್ಧದಿಂದ ಒಂದು ಸೆಕೆಂಡ್ ಸಾಕು. ಅದಕ್ಕೂ ಹೆಚ್ಚಾದರೆ ಹರಿವಿನ ಗೆರೆಗಳು ಮಾಯವಾಗಿ ಬರೀ ಬಿಳಿ ಉಳಿಯುತ್ತದೆ. ಆರಂಭಕ್ಕೆ 90ರಿಂದ 105 ಮಿ.ಮೀ. ಮ್ಯಾಕ್ರೋ (ಚಿಕ್ಕದನ್ನು ಹತ್ತಿರದಿಂದ ಸೆರೆಹಿಡಿಯುವ) ಒಂದೇ ಲೆನ್ಸ್ ಒಯ್ಯಿರಿ. ಇಡೀ ಬೆಳಗನ್ನು ಹತ್ತು ಅಡಿ ಜಾಗದಲ್ಲಿ ಕಳೆಯಲು ಅದು ಕಲಿಸುತ್ತದೆ, ಪಾಳಿಯಿಂದ ದಣಿದು ಬಂದವರಿಗೆ ಆ ನಿಧಾನವೇ ಬೇಕಾದದ್ದು. ಕಪ್ಪೆಯನ್ನು ಕೈಯಿಂದ ಮುಟ್ಟಿ ಕೂರಿಸಬೇಡಿ. ಕೈಯ ಸ್ಯಾನಿಟೈಸರ್, ಸೊಳ್ಳೆಯ ಮುಲಾಮು ಅದರ ತೊಗಲಿನ ಮೂಲಕ ಒಳಗೆ ಹೋಗುತ್ತವೆ. ಗೂಡಿನ ಚಿತ್ರ ಬೇಡವೇ ಬೇಡ. ಅಪರೂಪದ ಜೀವಿಯ ಚಿತ್ರ ಹಂಚುವಾಗ ಜಾಗದ ಗುರುತನ್ನು ಅಳಿಸಿ.

ಲೆನ್ಸಿನ ಮಂಜು ತಣ್ಣನೆಯ ಗಾಜಿಗೆ ಬೆಚ್ಚಗಿನ ತೇವದ ಗಾಳಿ ತಗುಲಿದ್ದರಿಂದ ಬಂದದ್ದು. ಒಳಗೆ ಬರುವ ಮೊದಲೇ ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಮುಚ್ಚಿ. ಒಂದು ಗಂಟೆ ಹಾಗೇ ಬಿಟ್ಟರೆ ತೇವ ಚೀಲದ ಹೊರಮೈ ಮೇಲೆ ಕೂರುತ್ತದೆ. ಆಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಸೇರಿಸಿ, ಐದಾರು ನೂರು ರೂಪಾಯಿಯ ತೇವಮಾಪಕವೊಂದನ್ನು ಜೊತೆಗಿಡಿ. ಶೇ 40-50ರ ನಡುವೆ ಇರಲಿ. 60 ದಾಟಿದ ಕಡೆ ವಾರಗಟ್ಟಲೆ ಇಟ್ಟರೆ ಶಿಲೀಂಧ್ರ ಹತ್ತುತ್ತದೆ. ಡೀಟ್ ಎಂಬ ಕೀಟ ನಿವಾರಕ ಇರುವ ಮುಲಾಮು ಹಚ್ಚಿದ ಕೈಯಲ್ಲಿ ಕ್ಯಾಮೆರಾ ಹಿಡಿಯಬೇಡಿ. ಅದು ರಬ್ಬರ್ ಹಿಡಿಯನ್ನೂ ಪ್ಲಾಸ್ಟಿಕ್ಕನ್ನೂ ಅಂಟಂಟಾಗಿಸುತ್ತದೆ. ಮುಲಾಮನ್ನು ಕೈಯ ಹಿಂಭಾಗದಿಂದ ಸವರಿಕೊಳ್ಳಿ.

ಪ್ರಶ್ನೆ: ಡ್ರೋನ್? (ಬೆಂಗಳೂರು)

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಹಕ್ಕಿಗಳಿಗೆ ಅದರ ಸದ್ದು ಬೇಡ.

ಪ್ರಶ್ನೆ: ಜನವರಿಯಲ್ಲಿ ಸೊರಬದ ಕಡೆ ಕಾಡಿಗೆ ಹೋಗಿ ಬಂದೆ. ಕಾಲಲ್ಲಿ ಉಣ್ಣೆ ಕಚ್ಚಿತ್ತು, ಕಿತ್ತೆಸೆದೆ. ಮುಂದಿನ ಸಲ ಏನು ಎಚ್ಚರ ವಹಿಸಲಿ? (ಹಾವೇರಿ)

ಉಣ್ಣೆ ಕಡಿತದಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಮಾನ್ಯವಾಗಿ ನವೆಂಬರ್‌ನಿಂದ ಮೇವರೆಗೆ ಇದರ ಕಾಲ, ಚಾರಣದ ಕಾಲವೂ ಅದೇ. ಹಳೆಯ ಲಸಿಕೆ ಕೊಡುವುದನ್ನು ನಿಲ್ಲಿಸಲಾಗಿದೆ. ಹೀಗಾಗಿ ಉಣ್ಣೆ ಮೈಗೆ ಹತ್ತದಂತೆ ನೋಡಿಕೊಳ್ಳುವುದೇ ಮುಖ್ಯ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ತಿಳಿಬಣ್ಣದ ಬಟ್ಟೆ ತೊಡಿ, ಆರೋಗ್ಯ ಇಲಾಖೆ ಕೊಡುವ, ಉಣ್ಣೆ ದೂರವಿಡುವ ಡೆಪಾ ಎಣ್ಣೆ ಹಚ್ಚಿ. ತರಗೆಲೆ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಹಿಂತಿರುಗಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸ್ನಾನದ ಹೊತ್ತಿನಲ್ಲಿ ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಹುಡುಕಿ. ಮರಿ ಉಣ್ಣೆ ಎಳ್ಳುಕಾಳಿಗಿಂತ ದೊಡ್ಡದಿರುವುದಿಲ್ಲ.

ಕಿತ್ತೆಸೆಯುವುದು ಸರಿಯಲ್ಲ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಬಾಯಿಭಾಗ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಡುವ ಕಡ್ಡಿ ಬೇಡ. ಬೆರಳಲ್ಲಿ ಹಿಚುಕಬೇಡಿ. ಸೋಪುನೀರಲ್ಲಿ ಕೈ ತೊಳೆಯಿರಿ.

ಕಚ್ಚಿದ 3ರಿಂದ 8 ದಿನದೊಳಗೆ ಹಠಾತ್ ಜ್ವರ, ತಲೆನೋವು, ಸೊಂಟ ಮತ್ತು ಕಾಲಿನ ಸ್ನಾಯುಗಳಲ್ಲಿ ಸಹಿಸಲಾಗದ ನೋವು ಬಂದರೆ ಪಾಳಿಯ ದಣಿವೆಂದು ತಳ್ಳಿಹಾಕಬೇಡಿ. ಆಂಬುಲೆನ್ಸ್ ಸಿಬ್ಬಂದಿ ಮಾಡುವ ತಪ್ಪು ಇದೇ, ಮೈಕೈ ನೋವು ಅವರಿಗೆ ನಿತ್ಯದ್ದು. ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯವಿದೆ. ಪ್ಯಾರಸಿಟಮಾಲ್ ಸಾಕು. ವೈದ್ಯರಿಗೆ “ಇಂಥ ಕಾಡಿಗೆ ಇಂಥ ದಿನ ಹೋಗಿದ್ದೆ, ಉಣ್ಣೆ ಕಚ್ಚಿತ್ತು” ಎಂದು ಮೊದಲ ಮಾತಿನಲ್ಲೇ ಹೇಳಿ, ಆರ್‌ಟಿಪಿಸಿಆರ್ ಪರೀಕ್ಷೆ ಕೇಳಿ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಲ್ಲಿ ಅದು ಮತ್ತೆ ಮರುಕಳಿಸಿ ಕುತ್ತಿಗೆ ಬಿಗಿತ, ಗೊಂದಲ, ನಡುಕ ಕಾಣಿಸುತ್ತದೆ. ಆಗ ಡ್ಯೂಟಿಗೆ ಹೋಗದೆ ನೇರ ಆಸ್ಪತ್ರೆಗೆ ಹೋಗಿ.