ಬಿಕ್ಕಳಿಕೆ: ಎರಡು ದಿನ ದಾಟಿದರೆ ಸುಮ್ಮನಿರಬೇಡಿ

ಪ್ರಶ್ನೆ: ಕೈಲ್ ಮುಹೂರ್ತ ಹಬ್ಬದ ದಿನ ಕಡಂಬುಟ್ಟು, ಪಂದಿಕರಿ ಊಟ ಮಾಡಿ ಎದ್ದ ಕೂಡಲೇ ನಮ್ಮ ತಂದೆಗೆ (66 ವರ್ಷ) ಬಿಕ್ಕಳಿಕೆ ಹಿಡಿಯಿತು. ಒಬ್ಬರು ಉಸಿರು ಕಟ್ಟಲು ಹೇಳಿದರು, ಇನ್ನೊಬ್ಬರು ಸಕ್ಕರೆ ಕೊಟ್ಟರು, ಅತ್ತೆ ‘ಯಾರೋ ನೆನೆಸ್ಕೊಳ್ತಿದ್ದಾರೆ’ ಎಂದರು. ಅರ್ಧ ಗಂಟೆಗೆ ನಿಂತಿತು. ಇದೇಕೆ ಬರುತ್ತದೆ? ಈ ಉಪಾಯಗಳಲ್ಲಿ ಹುರುಳಿದೆಯೇ?
– ಓದುಗರು, ವಿರಾಜಪೇಟೆ

ಉತ್ತರ: ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿರುವ ಸ್ನಾಯು ವಪೆ. ಬಿಕ್ಕಳಿಕೆಯಲ್ಲಿ ಅದು ನಮ್ಮನ್ನು ಕೇಳದೆ ಥಟ್ಟನೆ ಸೆಳೆದುಕೊಳ್ಳುತ್ತದೆ. ಗಾಳಿ ಒಳನುಗ್ಗುತ್ತಿರುವಾಗಲೇ, ಸುಮಾರು 35 ಮಿಲಿಸೆಕೆಂಡಿನಲ್ಲಿ, ಧ್ವನಿಪೆಟ್ಟಿಗೆಯ ಬಾಯಿ ಮುಚ್ಚಿಬಿಡುತ್ತದೆ. ‘ಹಿಕ್’ ಎಂಬ ಸದ್ದು ಅದರದ್ದು.

ಇದಕ್ಕೆಲ್ಲ ದಾರಿ ಎರಡು ನರಗಳು: ವೇಗಸ್ ಮತ್ತು ಫ್ರೆನಿಕ್. ಕುತ್ತಿಗೆಯಲ್ಲಿ ಹುಟ್ಟುವ ಫ್ರೆನಿಕ್ ನರ ಹೃದಯದ ಪಕ್ಕದಲ್ಲೇ ಇಳಿದು ವಪೆ ಸೇರುತ್ತದೆ. ಇಷ್ಟುದ್ದದ ಹಾದಿಯಲ್ಲಿ ಎಲ್ಲಿ ಕೆರಳಿದರೂ ಬಿಕ್ಕಳಿಕೆ ಬರಬಹುದು. ನಿಮ್ಮ ತಂದೆಯವರ ವಿಷಯದಲ್ಲಿ ಕಾರಣ ಬಹುಶಃ ಸರಳ. ಗಬಗಬ ಉಂಡರೆ ಅನ್ನದ ಜೊತೆ ಗಾಳಿಯೂ ಹೊಟ್ಟೆಗಿಳಿಯುತ್ತದೆ. ಉಬ್ಬಿದ ಜಠರ ವಪೆಯನ್ನು ಒತ್ತುತ್ತದೆ. ಮೆಣಸಿನ ಖಾರ, ಕಾಚಂಪುಳಿಯ ಹುಳಿ, ಮೇಲೊಂದು ಪೆಗ್ಗು ಅಥವಾ ಸೋಡಾ ಸೇರಿದರೆ ಹುಳಿತೇಗು ಮೇಲೇರಿ ಅನ್ನನಾಳವೂ ಉರಿಯುತ್ತದೆ.

ಉಸಿರು ಕಟ್ಟುವುದರಲ್ಲಿ ಹುರುಳಿದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಬಿಕ್ಕಳಿಕೆ ತಗ್ಗುತ್ತದೆ. ಪೂರ್ತಿ ಉಸಿರೆಳೆದು 10ರಿಂದ 20 ಸೆಕೆಂಡು ಹಿಡಿಯಿರಿ, ಮೂರು–ನಾಲ್ಕು ಸಲ ಮಾಡಿ. ನಡುವೆ ಬಿಕ್ಕಿ ಉಸಿರು ಬಿಟ್ಟರೆ ಮೊದಲಿನಿಂದ ಶುರುಮಾಡಿ. ಸಕ್ಕರೆಯೂ ಬರೀ ನಂಬಿಕೆಯಲ್ಲ, 1971ರಲ್ಲೇ ಅಮೆರಿಕದ ವೈದ್ಯರು ಅದರ ಬಗ್ಗೆ ಬರೆದಿದ್ದಾರೆ. ಒಂದು ಟೀ ಚಮಚ ಒಣ ಸಕ್ಕರೆಯನ್ನೇ ನುಂಗಬೇಕು, ಹರಳುಗಳು ಗಂಟಲ ಹಿಂಭಾಗವನ್ನು ತಾಗಬೇಕು. ನೀರಿಗೆ ಕಲಸಿದರೆ ಆ ಕೆಲಸ ಆಗದು. ಸಕ್ಕರೆ ಕಾಯಿಲೆಯವರಿಗೆ ತಣ್ಣೀರಿನ ಗುಟುಕುಗಳೇ ಸಾಕು. ಕಣ್ಣುಗುಡ್ಡೆ ಒತ್ತುವುದು ಮಾತ್ರ ಬೇಡವೇ ಬೇಡ.

48 ಗಂಟೆ ಮೀರಿದರೆ ಮನೆಮದ್ದು ಬಿಟ್ಟು ವೈದ್ಯರಲ್ಲಿಗೆ ಹೋಗಿ. ಮೂತ್ರಪಿಂಡದ ದೋಷ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಔಷಧಿ ಇದಕ್ಕೆ ಕಾರಣವಿರಬಹುದು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಬಿಡದ ಬಿಕ್ಕಳಿಕೆಗೆ ವೈದ್ಯರು ಕೊಡುವ ಬ್ಯಾಕ್ಲೋಫೆನ್ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ಕೊಡಬೇಡಿ: ವಯಸ್ಸಾದವರಿಗೆ ಮಂಪರು ತರುತ್ತದೆ, ಮೂತ್ರಪಿಂಡ ಸೋತವರಿಗೆ ಅಪಾಯಕಾರಿ.

ಬಿಕ್ಕಳಿಕೆಯ ಜೊತೆ ತಲೆಸುತ್ತಿ ವಾಲುವುದು, ಮಾತು ತೊದಲುವುದು, ನುಂಗಲಾಗದಿರುವುದು ಅಥವಾ ಎದೆನೋವು ಕಂಡರೆ ಗಂಟೆ ಎಣಿಸಬೇಡಿ. ಅದು ಪಾರ್ಶ್ವವಾಯು ಅಥವಾ ಹೃದಯಾಘಾತ ಇರಬಹುದು. ತೋಟದ ಮನೆಯಿಂದ ಮಡಿಕೇರಿ ತಲುಪಲು ಹೊತ್ತು ಬೇಕು, ಮಳೆಗಾಲದಲ್ಲಂತೂ ಇನ್ನೂ ಹೆಚ್ಚು, ತಕ್ಷಣ ಹೊರಡಿ.

ಪ್ರಶ್ನೆ: ಎರಡು ತಿಂಗಳ ಮಗು ಹಾಲು ಕುಡಿದಾಗಲೆಲ್ಲ ಬಿಕ್ಕುತ್ತದೆ. ನೀರು ಕುಡಿಸಬಹುದೇ?
– ತಾಯಿ, ಸೋಮವಾರಪೇಟೆ

ಉತ್ತರ: ಬೇಡ. ಆರು ತಿಂಗಳವರೆಗೆ ನೀರು, ಸಕ್ಕರೆ ಯಾವುದೂ ಬೇಡ, ಜೇನಂತೂ ಒಂದು ವರ್ಷ ತುಂಬುವವರೆಗೆ ಬೇಡ. ಹಾಲೂಡಿಸುವುದನ್ನು ನಿಲ್ಲಿಸಿ, ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಐದು–ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಮಕ್ಕಳು ಗರ್ಭದಲ್ಲೇ ಬಿಕ್ಕುತ್ತವೆ. ತೂಕ ಸರಿಯಾಗಿ ಏರುತ್ತಿದ್ದರೆ, ವಾಂತಿ ಇಲ್ಲದಿದ್ದರೆ ಗಾಬರಿ ಬೇಕಿಲ್ಲ.